ನೆರಳಿಲ್ಲದ ಮೋಡ

ಬೆಣ್ಣೆಕೋಡಿ,
ಮಾರ್ಚ್ ೩೮, ೨೧೫೧

ಹೆಸರು ತಿಳಿಯದ ಪ್ರಥಮ ವರ್ಷದ ವಿದ್ಯಾರ್ಥಿಗೆ,

ತಾರೀಕು ತಪ್ಪಿಲ್ಲ. ಬೇಸಿಗೆ ಮುಗಿಯುವುದೇ ಇಲ್ಲವೆಂದು ನಮ್ಮ ಕಾಲದ ಸರ್ಕಾರ ಮಾರ್ಚ್ ತಿಂಗಳನ್ನೇ ಉದ್ದ ಮಾಡಿತು. ನನ್ನ ಮಾತುಗಳು ನಿಮಗೆ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ಚಿಕ್ಕಂದಿನಿಂದ ಹಾಸ್ಟೆಲಿನಲ್ಲಿ ಓದಿದವಳು ನಾನು; ಸಿಟ್ಟು ಬಂದರೆ ಬಾಯಿಗೆ ಮೊದಲು ಬರುವುದು ಇಂಗ್ಲಿಷೇ. ಆದರೆ ಇಂಗ್ಲಿಷಿನಲ್ಲಿ ಬೈದರೆ ಅದು ರಿಪೋರ್ಟ್ ಆಗಿಬಿಡುತ್ತದೆ, ಅದಕ್ಕೇ ಕನ್ನಡ.

ನಾನೂ ಪ್ರಥಮ ವರ್ಷದವಳೇ. ನಿಮ್ಮ ಕಾಲದಲ್ಲಿ ನೀವೊಂದು ಅಸೈನ್‌ಮೆಂಟ್ ಮಾಡಿದಿರಿ. ಬಹುಶಃ ಮೆಸ್ಸಿನ ಬೆಲ್ ಆಗುವ ಮೊದಲು ಮುಗಿಸುವ ಆತುರದಲ್ಲಿ, ನಮ್ಮ ಕರಾವಳಿಯ ಸ್ಯಾಟಲೈಟ್ ಚಿತ್ರಗಳಿಗೆ ಲೇಬಲ್ ಹಚ್ಚಿದಿರಿ. ನೀಲಿ ಎಂದರೆ ನೀರು, ಹಸಿರು ಎಂದರೆ ತೋಟ, ಬಿಳಿ ಎಂದರೆ ಮೋಡ. ಬೆಣ್ಣೆಕೋಡಿಯಲ್ಲಿ ಹೊಳೆ ಕಡಲು ಸೇರುವ ಅಳಿವೆಬಾಗಿಲಲ್ಲಿ ನೀವು ಮೋಡವೆಂದು ಗುರುತಿಸಿದ ಬಿಳಿಯದು ಮೋಡವಲ್ಲ, ನೊರೆ. ಮೀನಿನ ಹಿಟ್ಟಿನ ಕಾರ್ಖಾನೆಯವರು ಬೂತಾಯಿ ಮೀನು ಬೇಯಿಸಿ, ಹಿಂಡಿ, ಎಣ್ಣೆ ತೆಗೆದು, ಉಳಿದ ನೀರನ್ನು ಅಳಿವೆಗೆ ಬಿಟ್ಟಾಗ ಏಳುವ ನೊರೆ. ನಿಮ್ಮಿಂದ ಕಲಿತ ಯಂತ್ರ ಇನ್ನೊಂದಕ್ಕೆ ಕಲಿಸಿತು, ಅದು ಮತ್ತೊಂದಕ್ಕೆ. ಮೂಲ ಲೇಬಲ್ ತೆರೆದರೆ ಹಚ್ಚಿದವರ ಜಾಗದಲ್ಲಿ ಈಗಲೂ ‘ಪ್ರಥಮ ವರ್ಷ’ ಎಂದಷ್ಟೇ ಇದೆ.

ನಮ್ಮಲ್ಲಿ ಮೇಲ್ಗಣ್ಣು ಎಂಬುದಿದೆ, ಆ ಯಂತ್ರಗಳ ಸಾಲಿನ ಕೊನೆಯದು. ಹೊಳೆ, ಕಡಲು, ಗಾಳಿಯ ದೂರುಗಳಲ್ಲಿ ಮನುಷ್ಯರ ಸಾಕ್ಷಿ ನಡೆಯುವುದಿಲ್ಲ. ಅದು ಆಕಾಶದಿಂದ ತೆಗೆದ ಚಿತ್ರ ಹೇಳಿದ್ದೇ ಕೊನೆ. ಚಿತ್ರದಲ್ಲಿ ಸದಾ ಮೋಡ ಕಾಣುವ ಊರನ್ನು ಕಾನೂನು ಮೋಡದೂರು ಎನ್ನುತ್ತದೆ. ಮೋಡದೂರಿನವರು ದೂರು ಕೊಡಬಹುದು, ಗೆಲ್ಲುವಂತಿಲ್ಲ. ನಮ್ಮದು ಅಂಥ ಊರು. ಇಲ್ಲಿ ಬಾವಿನೀರಿನ ಮೇಲೆ ಎಣ್ಣೆಯ ಪದರ ನಿಲ್ಲುತ್ತದೆ. ಕೊಡ ಇಳಿಸುವ ಮೊದಲು ಅದನ್ನು ಬದಿಗೆ ಸರಿಸಲು ಉದ್ದನೆಯ ಕೋಲೊಂದನ್ನು ಇಟ್ಟುಕೊಂಡಿರುತ್ತೇವೆ, ಅದಕ್ಕೆ ಸರಿಗೋಲು ಎಂದು ಹೆಸರು. ಕಾರ್ಖಾನೆಯ ವಾಸನೆ ಹಿಡಿಯದಂತೆ ಬಟ್ಟೆಯನ್ನು ಗಾಳಿಯ ದಿಕ್ಕು ನೋಡಿಯೇ ಒಣಹಾಕುತ್ತೇವೆ. ಆದರೂ ರಜೆ ಮುಗಿಸಿ ನಾನು ಹಾಸ್ಟೆಲಿಗೆ ಹೋದರೆ ರೂಮ್‌ಮೇಟ್ ಎದ್ದು ಕಿಟಕಿ ತೆರೆಯುತ್ತಾಳೆ. ಮೆಸ್ಸಿನಲ್ಲಿ ಬಡಿಸುವುದು ತೊಟ್ಟಿಮೀನು, ಅಂದರೆ ಕಡಲನ್ನೇ ಕಾಣದ ಮೀನು. ಅದು ತಿಂದು ಬೆಳೆಯುವುದು ನಮ್ಮೂರಿನ ಹಿಟ್ಟನ್ನು. ರುಚಿಯಾಗಿರುತ್ತದೆ. ನಾನು ಎರಡನೇ ಸಲ ಹಾಕಿಸಿಕೊಳ್ಳುತ್ತೇನೆ.

ನಿನ್ನೆ ಕಡೆಯ ವಿಚಾರಣೆ ಇತ್ತು. ಕಾರ್ಖಾನೆಯ ಕೊಳವೆ ಮುಚ್ಚಿಸಬೇಕು, ಇಲ್ಲವೇ ನಾವು ಊರು ಬಿಡಬೇಕು. ನನ್ನನ್ನು ಸಾಕಿದ ಚಿಕ್ಕಿ ವಾರಿಜ ಅಧಿಕಾರಿಯ ಎದುರು ನಿಂತು, “ವರ್ಷ ಪೂರ್ತಿ ನಮ್ಮ್ ತಲಿ ಮೇಲೆ ಮೋಡ ಅಂದ್ರಿ ಅಲ್ದಾ, ಹಾಂಗಾರೆ ಮಳಿ ಎಲ್ಲ್ ಹೋಯ್ತ್ ಮಾರಾಯ್ರೆ? ನೀವೇ ಕುಡ್ದ್ರ್ಯಾ?” ಎಂದಳು. ಎಲ್ಲರೂ ನಕ್ಕರು, ಅಧಿಕಾರಿಯೂ ನಕ್ಕರು. ಆಮೇಲೆ ನಾನು ಚಿತ್ರ ತೋರಿಸಿದೆ. ಮೋಡವಿದ್ದರೆ ಅದರ ನೆರಳು ನೀರಿನ ಮೇಲೆ ಬಿದ್ದಿರಬೇಕು ಸರ್, ಈ ಮೋಡಕ್ಕೆ ಯಾವ ಚಿತ್ರದಲ್ಲೂ ನೆರಳಿಲ್ಲ ಎಂದೆ. ಕನ್ನಡದಲ್ಲೂ ಹೇಳಿದೆ, ಇಂಗ್ಲಿಷಿನಲ್ಲೂ ಹೇಳಿದೆ. ಅವರಿಗೆ ಅರ್ಥವಾಯಿತು. ಅದೇ ಹೆಚ್ಚು ನೋವು. ನಿಯಮದ ಪ್ರಕಾರ ಲೇಬಲನ್ನು ಹಚ್ಚಿದವರೇ ತಿದ್ದಬೇಕು, “ಅವರನ್ನು ಕರ್ಕೊಂಡು ಬಾಮ್ಮ” ಎಂದು ಫೈಲ್ ಮುಚ್ಚಿದರು.

ಹೊರಗೆ ಬಂದ ಮೇಲೆ ಚಿಕ್ಕಿ ಅಂದಳು: “ಆ ಮೋಡ ಇಟ್ಟವ್ರಿಗೆ ಒಂದ್ ಕಾಗ್ದ ಬರಿ, ಹೆಣೆ. ಸತ್ತ್ರೂ ಓದ್ಲಿ.”

ಅದಕ್ಕೇ ಬರೆಯುತ್ತಿದ್ದೇನೆ. ನೀವಿನ್ನೂ ಸಬ್‌ಮಿಟ್ ಮಾಡಿಲ್ಲದಿದ್ದರೆ, ದಯವಿಟ್ಟು, ಬಿಳಿ ಕಂಡಲ್ಲಿ ಪಕ್ಕದ ನೀರನ್ನೊಮ್ಮೆ ನೋಡಿ. ಕಪ್ಪು ನೆರಳು ಕಾಣದಿದ್ದರೆ ಅದು ಮೋಡವಲ್ಲ. ಪಟ್ಟಿಯಲ್ಲಿ ‘ನೊರೆ’ ಎಂಬ ಲೇಬಲ್ ಇರುವುದಿಲ್ಲ, ಎದ್ದು ನಿಂತು ಕೇಳಿ. ಕ್ಲಾಸು ನಗುತ್ತದೆ. ಮಾರ್ಕ್ಸ್ ಹೋಗಬಹುದು, ಮೆಸ್ಸಿನಲ್ಲಿ ಸಾರು ತಣ್ಣಗಾಗಬಹುದು. ಆ ಭಯ ನನಗೂ ಗೊತ್ತು. ಆದರೂ ಕೇಳಿ.

ಇವತ್ತು ನಾವು ಹೊರಡುತ್ತಿದ್ದೇವೆ. ಚಿಕ್ಕಿ ಸರಿಗೋಲನ್ನು ಬಾವಿಕಟ್ಟೆಯ ಮೇಲೆಯೇ ಬಿಟ್ಟಿದ್ದಾಳೆ. ಆಕಾಶ ಪೂರ್ತಿ ನೀಲಿ, ನಮ್ಮ ಗಂಟುಮೂಟೆಗಳ ನೆರಳು ಮರಳಿನ ಮೇಲೆ ಅಚ್ಚುಕಪ್ಪಾಗಿ ಬಿದ್ದಿದೆ. ಮೇಲ್ಗಣ್ಣಿಗೆ ಮಾತ್ರ ಇಲ್ಲಿ ಮೋಡ. ನಾವು ಹೋದದ್ದೂ ಅದಕ್ಕೆ ಕಾಣಿಸುವುದಿಲ್ಲ.

ದ್ಯುತಿ,
ಪ್ರಥಮ ವರ್ಷ