ಗಂಟೆಗೆ ಬೆಚ್ಚದ ನಿದ್ದೆರಾಯ

ಅಕ್ಕಾ,

ಕುಕ್ಕರ್ ಕೂಗಿದರೂ ನೀನು ಕೂಗಿದರೂ ಏಳದ ನನ್ನ ಮಗನಿಗೆ ನಿದ್ದೆರಾಯ ಎಂದು ಹೆಸರಿಟ್ಟವಳು ನೀನು. ರಾಯರ ಸವಾರಿ ಇವತ್ತು ಇಲ್ಲಿಯ ಹಳೇಪೇಟೆ ಬೀದಿಗೆ ಹೋಗಿತ್ತು. ವಾಹನ ಬಿಡದ ಬೀದಿ. ಹಾಸುಗಲ್ಲಿನ ಮೇಲೆ ನಮ್ಮಂಥ ಕಾಲಾಳುಗಳು, ಮಕ್ಕಳ ಗಾಡಿಗಳು, ಅಷ್ಟೆ. ನಡುವೆ ಹಳೆಯ ಗಂಟೆ ಗೋಪುರ. ಅದರ ಬುಡದಲ್ಲೇ ಫೋಟೊಗೆ ನಿಂತೆವು.

"ಈಚೆ ಬನ್ನಿ, ಗಂಟೆ ಹೊಡಿಯೋ ಹೊತ್ತಾಯ್ತು, ಮಗು ಬೆಚ್ಚಿಬೀಳುತ್ತೆ" ಎಂದು ಹೂ ಮಾರುವ ಅಜ್ಜಿ ಹೇಳುವಷ್ಟರಲ್ಲಿ ಅದು ಹೊಡೆದೇ ಬಿಟ್ಟಿತು. ನನ್ನ ಎದೆ ನಡುಗಿತು. ಪಾರಿವಾಳಗಳು ಹಾರಿದವು, ಬೀದಿಯ ಕೂಸುಗಳೆಲ್ಲ ಒಟ್ಟಿಗೆ ಅತ್ತವು. ನಮ್ಮವನು ಎಚ್ಚರವಾಗಿಯೇ ಇದ್ದ. ಕಾಲ್ಚೀಲ ಚೀಪುತ್ತಿದ್ದವನು ಚೀಪುತ್ತಲೇ ಇದ್ದ.

"ಗಟ್ಟಿ ಗುಂಡಿಗೆ, ನಿಮ್ಮ ಥರ ಅಲ್ಲ" ಎಂದು ಇವಳು ನಕ್ಕಳು. ನಾನು ಅವನ ಬೆನ್ನ ಹಿಂದೆ ಹೋಗಿ ಬೀಗದ ಕೈ ಕುಣಿಸಿದೆ, ತಿರುಗಲಿಲ್ಲ. ಚಪ್ಪಾಳೆ ತಟ್ಟಿದೆ, ತಿರುಗಲಿಲ್ಲ. ಮುಂದೆ ಬಂದು ಮುಖ ತೋರಿಸಿದರೆ ಬೊಚ್ಚುಬಾಯಿ ತುಂಬ ನಕ್ಕ. ಅಷ್ಟರಲ್ಲಿ ಇವಳ ನಗು ನಿಂತಿತ್ತು. ನಾವೆಲ್ಲ ಇಷ್ಟು ದಿನ ನಕ್ಕಿದ್ದು ಬರೀ ನಿದ್ದೆಗಲ್ಲವೇನೋ ಅಕ್ಕಾ.

ನಾಳೆ ಕಿವಿ ಡಾಕ್ಟರ ಹತ್ತಿರ ಹೋಗುತ್ತೇವೆ. ದುಡ್ಡಿದೆ, ಕಳಿಸಬೇಡ. ಈ ಕಾರ್ಡನ್ನು ಪೋಸ್ಟ್‌ಮ್ಯಾನ್ ನಿನಗಿಂತ ಮೊದಲು ಓದುತ್ತಾನೆ, ಓದಲಿ. ಅಮ್ಮನ ಕೈಗೆ ಮಾತ್ರ ಕೊಡಬೇಡ. ಜಾಗ ಮುಗಿಯಿತು. ಪಕ್ಕದಲ್ಲಿ ಇವಳು ಅವನನ್ನು ತೊಡೆಯ ಮೇಲೆ ಹಾಕಿಕೊಂಡು ಲಾಲಿ ಹಾಡುತ್ತಿದ್ದಾಳೆ, ಎಂದಿಗಿಂತ ಜೋರಾಗಿ.

ನಿನ್ನ ತಮ್ಮ