ಫ್ಲಾಟ್‌ಮೇಟ್ ಎಷ್ಟು ಅಳಬಹುದು?

ನನ್ನ ಪ್ರೀತಿಯ ಫ್ಲಾಟ್‌ಮೇಟ್ ಪ್ರಕಾಶಾ,

ಹೀಗೆ ಕರೆದರೆ ನಿನಗೆ ಸಿಟ್ಟು ಬರುತ್ತದೆ, ಗೊತ್ತು. ಬರಲಿ. ಹೇಳದೆ ಕೇಳದೆ ಹೋದವನು ನೀನು. ಅಷ್ಟು ವರ್ಷ ಒಂದೇ ಮನೆ, ಒಂದೇ ಹಾಸಿಗೆ. ಆದರೂ ಈ ನ್ಯೂಜಿಲೆಂಡಿನ ಹ್ಯಾಮಿಲ್ಟನ್ನಿನ ಕನ್ನಡದವರಿಗೆ ನಾವು ಬಾಡಿಗೆ ಹಂಚಿಕೊಂಡ ಇಬ್ಬರು ಬ್ರಹ್ಮಚಾರಿಗಳು ತಾನೇ? "ಇಬ್ರಿಗೂ ಒಂದೊಂದು ಹೆಣ್ಣು ನೋಡ್ಬೇಕಪ್ಪ" ಎಂದು ಆಂಟಿಯರು ಅಂದಾಗ ನೀನು ತಟ್ಟೆಯಿಂದ ತಲೆ ಎತ್ತುತ್ತಲೇ ಇರಲಿಲ್ಲ. ನನಗೆ ನಗು ತಡೆಯಲಾರದೆ ಕೆಮ್ಮು ಬರುತ್ತಿತ್ತು.

ನೀನು ಉತ್ತರಪತ್ರಿಕೆ ತಿದ್ದುತ್ತಿದ್ದ ಆ ಸಂಜೆ ನೆನಪಿದೆಯಾ? ಧಾರವಾಡದವನು ಇಲ್ಲಿನ ಹೈಸ್ಕೂಲಿನಲ್ಲಿ ರೋಮಿನ ಇತಿಹಾಸ ಹೇಳಿಕೊಡುವುದೇ ನನಗೊಂದು ತಮಾಷೆ. ಅದ್ಯಾವನೋ ಚಕ್ರವರ್ತಿಯ ಪ್ರಿಯಕರ ನೈಲ್ ನದಿಯಲ್ಲಿ ಮುಳುಗಿ ಸತ್ತಾಗ ಅವನ ಹೆಸರಿನಲ್ಲಿ ಚಕ್ರವರ್ತಿ ಊರನ್ನೇ ಕಟ್ಟಿಸಿದನಂತೆ. "ನೋಡೋ, ಎರಡು ಸಾವಿರ ವರ್ಷದ ಹಿಂದೇನೇ ನಮ್ಮೋರು ಎಷ್ಟು ಆರಾಮಾಗಿದ್ರು!" ಎಂದು ಕುಣಿದಾಡಿದೆ ನಾನು.

"ಏ ಹುಚ್ಚಪ್ಪಾ, ಸುಮ್ನಿರು" ಎಂದು ಗದರಿದೆ ನೀನು. "ಗಂಡಸು ಗಂಡಸಿನ ಮ್ಯಾಲೆ ಆಸೆ ಪಟ್ರ ಅವರು ತಪ್ಪು ಅಂತಿದ್ದಿಲ್ಲ, ಖರೆ. ಆದ್ರ ಮ್ಯಾಲಿನಾಂವ ಯಾರು, ಕೆಳಗಿನಾಂವ ಯಾರು ಅಂತ ನೋಡ್ತಿದ್ರು. ಕೆಳಗಿನಾಂವ ಗುಲಾಮ ಆದ್ರ ಅವನ ಮನಸ್ಸು ಯಾರು ಕೇಳಿದ್ರು? ನಮ್ಮಂಗ ಸರಿಸಮ ಇಬ್ಬರು ಸಂಸಾರ ಹೂಡಿದ್ರ ಅವರೂ ನಗ್ತಿದ್ರು. ಆ ಚಕ್ರವರ್ತಿ ಪ್ರೀತಿ ಮಾಡಿದ್ದಕ್ಕ ಯಾರೂ ನಗಲಿಲ್ಲ. ಹೆಂಗಸರಂಗ ಅತ್ತ ಅಂತ ನಕ್ರು."

ನನಗೆ ರೋಮಿನ ಮೇಲೆ ಸಿಟ್ಟೇ ಬಂತು. ಅಳುವುದಕ್ಕೂ ಅಪ್ಪಣೆ ಬೇಕೆ?

ನಿನ್ನ ಎದೆ ನಿಂತ ಸುದ್ದಿ ಕೇಳಿ ನಿನ್ನ ಒಡಹುಟ್ಟಿದ ಶಾರದಕ್ಕ ಧಾರವಾಡದಿಂದ ಬಂದರು. ಅವರಿಗೆ "ಪ್ರಕಾಶನ ರೂಮು" ಎಂದು ಎರಡನೇ ಕೋಣೆ ತೋರಿಸಿದೆ. ಯಾರಾದರೂ ಮನೆಗೆ ಬಂದಾಗ ಅದು ನಿನ್ನದಾಗುತ್ತಿತ್ತಲ್ಲ! ಬೆಳಿಗ್ಗೆ ಚಹಾ ಕುಡಿಯುತ್ತಾ ಅಕ್ಕ ಅಂದರು: "ಆ ಗಾದಿಗೆ ಅಂಗಡಿ ಪ್ಲಾಸ್ಟಿಕ್ ಹಂಗ ಅದರೀ. ಹೊಳ್ಳಿದ್ರ ಚರಚರ ಅಂತದ. ನಮ್ಮ ಪಕ್ಯಾ ಆ ಮಂಚದ ಮ್ಯಾಲೆ ಒಂದಿನಾನೂ ಮಲಗಿಲ್ಲ." ಹೊಸ ಸಾಮಾನಿನ ಪ್ಲಾಸ್ಟಿಕ್ ತೆಗೆಯಲು ಜೀವ ಒಪ್ಪದ ನಮ್ಮ ಬುದ್ಧಿಗೆ ಏನು ಹೇಳಲಿ! ಅವರ ಲೋಟಕ್ಕೆ ಇನ್ನಷ್ಟು ಚಹಾ ಬಗ್ಗಿಸಿದೆ. ಅವರು ಇನ್ನೇನೂ ಕೇಳಲಿಲ್ಲ.

ಫ್ಯೂನರಲ್ ಹೋಮಿನಲ್ಲಿ ನಿನ್ನ ಬಾಯಿಗೆ ಅಕ್ಕಿಕಾಳು ಹಾಕುವ ಹೊತ್ತು. "ಮನೆಯವರು ಮೊದಲು, ಫ್ರೆಂಡ್ಸ್ ಆಮೇಲೆ" ಎಂದರು ಅಲ್ಲಿದ್ದ ಅಂಕಲ್ ಒಬ್ಬರು. ನಾನು ಹಿಂದೆ, ಗೋಡೆಗೆ ಒರಗಿ ನಿಂತಿದ್ದೆ. ಕಣ್ಣು ಒಣಗಿತ್ತು. ಫ್ಲಾಟ್‌ಮೇಟ್ ಎಷ್ಟು ಅಳಬಹುದು, ಯಾರನ್ನು ಕೇಳಲಿ?

ಅಕ್ಕ ತಿರುಗಿ ನೋಡಿದರು. "ಅಲ್ಯಾಕ ನಿಂತೀ? ಬಾ ಇಲ್ಲೆ."

"ಫ್ರೆಂಡ್ಸ್ ಆಮೇಲೆ ಬರ್ತಾರಮ್ಮ" ಎಂದರು ಅಂಕಲ್.

"ಇಂವಾ ಮನಿಯಾಂವನರೀ" ಎಂದು ಅಕ್ಕ ತಮ್ಮ ಕೈಯಲ್ಲಿದ್ದ ಅಕ್ಕಿಯನ್ನು ನನ್ನ ಕೈಗೆ ಸುರಿದರು.

ಅತ್ತೆ ಕಣೋ. ಹೋ ಎಂದು, ಸಿಂಬಳ ಸುರಿಸಿಕೊಂಡು, ಅಷ್ಟೂ ಜನರ ಎದುರಿಗೆ. ನಗುವವರು ನಗಲಿ ಅನ್ನಿಸಿತು. ಯಾರೂ ನಗಲಿಲ್ಲ.

ಈ ವರ್ಷ ಇಲ್ಲಿ ಸಿವಿಲ್ ಯೂನಿಯನ್ ಕಾನೂನು ಬಂದಿದೆ. ಸರ್ಕಾರವೇ ನಮ್ಮಂಥವರನ್ನು ಜೋಡಿ ಎಂದು ಬರೆದುಕೊಳ್ಳುತ್ತದೆ. ಇನ್ನು ಸ್ವಲ್ಪ ದಿನ ಇದ್ದಿದ್ದರೆ ನೀನು... ಹೋಗಲಿ ಬಿಡು. ನಿನ್ನ ಚಹಾ ಲೋಟವನ್ನು ನಾನಿನ್ನೂ ಒಳಗೆ ಎತ್ತಿಟ್ಟಿಲ್ಲ. ನೀನು ಎಷ್ಟು ಬೇಕೆನಿಸುತ್ತೀಯ ಗೊತ್ತಾ?

ಮೊನ್ನೆ ಅಕ್ಕ ಫೋನ್ ಮಾಡಿದವರು ನಿಮ್ಮ ಅವ್ವನ ಕೈಗೆ ಕೊಟ್ಟುಬಿಟ್ಟರು. ನೀನು ಎಷ್ಟು ಹೆದರುತ್ತಿದ್ದೆ ಆ ಮುದುಕಿಗೆ! ಅವರು ಕೇಳಿದರು: "ಪರದೇಶದಾಗ ನನ್ನ ಮಗಗ ಯಾರರೆ ಇದ್ದರೇನಪಾ?"

"ನಾನಿದ್ದೆ, ಅವ್ವಾ" ಎಂದೆ.

"ಹಂಗಾದ್ರ ನಿನಗ ಈಗ ಯಾರದಾರ?" ಎಂದರು.