ದಕ್ಷಿಣಕ್ಕೆ ಮುಗಿದ ಕೈ

ನಮ್ಮನೆಯವರಿಗೆ,

ಇವತ್ತು ಸೋಮವಾರ, ಒಪ್ಪತ್ತು. ನಸುಕಿನಲ್ಲೇ ನಲ್ಲಿ ಬಂತು. ಕೊಡ ತುಂಬಿಸಿ, ಅಂಗಳಕ್ಕೆ ನೀರು ಹಾಕಿ, ದೇವರ ಸಾಮಾನು ತಿಕ್ಕಿಟ್ಟು ಕೂತಿದ್ದೇನೆ. ವಿರೂಪಾಕ್ಷನಿಗೆ ದೀಪ ಹಚ್ಚಿಯಾಯಿತು. ನಿಮ್ಮ ಫೋಟೋದ ಮುಂದೆ ಹಚ್ಚಿಲ್ಲ. ಯಾಕೆ ಅಂತ ಹೇಳುವುದಕ್ಕೇ ಈ ಕಾಗದ.

ಹೋದ ತಿಂಗಳು ನನ್ನ ತಂಗಿಯ ಮಗಳು ರೇಣುಕಾ ಬಂದಿದ್ದಳು, ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದಾಳಲ್ಲ, ಅವಳೇ. ಹೊಟ್ಟೆಯಲ್ಲೇ ತೀರಿಕೊಂಡ ಕೂಸುಗಳ ನೆನಪಿಗೆ ಅವಳ ಆಸ್ಪತ್ರೆಯವರು ಸಂಡೂರಿನ ಗುಡ್ಡ ಹತ್ತುತ್ತಾರಂತೆ. ಹತ್ತುವವರ ಹೆಸರಿನಲ್ಲಿ ಜನ ದೇಣಿಗೆ ಕೊಡುತ್ತಾರೆ. ಅದರಿಂದ ಹೆರಿಗೆ ವಾರ್ಡಿನಲ್ಲಿ ಒಂದು ಕೋಣೆ. ಕೂಸು ಕಳೆದುಕೊಂಡವಳು ಅದನ್ನು ಮಡಿಲಲ್ಲಿಟ್ಟುಕೊಂಡು ಒಂದು ಗಳಿಗೆ ಅಳುವುದಕ್ಕೆ. "ನೀನೂ ಬಾ ದೊಡ್ಡವ್ವ" ಅಂದಳು. ನಿಮ್ಮ ಅಕ್ಕ ಗಂಗಮ್ಮ ಅಲ್ಲೇ ಇದ್ದಳು, ಸುಮ್ಮನಿರುತ್ತಾಳೆಯೇ?

"ಉಸಿರಾಡದ ಕೂಸಿಗೆ ಈಗೇನಬೇ ಮೆರವಣಿಗಿ? ಐವತ್ತಾತು, ಮಣಕಾಲು ಮುರಕೊಂಡು ಕುಂತ್ರ ನಿನಗ ಉಣ್ಣಾಕ ಯಾರು ಹಾಕ್ತಾರ?"

"ನೀನಂತೂ ಹಾಕಂಗಿಲ್ಲ ಬಿಡು" ಅಂದೆ. ಆ ಗುಡ್ಡ ನೋಡಬೇಕಿತ್ತು ನನಗೆ.

ನಮ್ಮ ಮಗಳನ್ನು ಹೆತ್ತ ದಿನ ಯಾರೂ ನನಗೆ ಅವಳ ಮುಖ ತೋರಿಸಲಿಲ್ಲ. ನೀವು ಟವೆಲಿನಲ್ಲಿ ಸುತ್ತಿಕೊಂಡು ಒಬ್ಬರೇ ಹೋದಿರಿ. ಸಂಜೆ ಬಂದು, "ಗುಡ್ಡದ ಮ್ಯಾಲೆ ಬನ್ನಿ ಗಿಡದ ಬುಡಕ ಇಟ್ಟು ಬಂದೀನಿ, ತಂಪೈತಿ" ಅಂದಿರಿ. ಆ 'ತಂಪು' ಅನ್ನುವ ಒಂದೇ ಮಾತು ಹಿಡಿದುಕೊಂಡು ಬದುಕಿದೆ. ಸಂಡೂರು ಬಿಟ್ಟು ಚಿತ್ತವಾಡ್ಗಿಗೆ ಬಂದ ಮೇಲೂ ಪ್ರತಿ ಸೋಮವಾರ ಮಾಳಿಗೆ ಹತ್ತಿ ಆ ಗುಡ್ಡದ ಕಡೆಗೆ, ದಕ್ಷಿಣಕ್ಕೆ, ಕೈ ಮುಗಿಯುತ್ತಿದ್ದೆ. ಯಮನ ದಿಕ್ಕಿಗೆ ಯಾರು ಕೈ ಮುಗಿಯುತ್ತಾರೆ? ನಾನು ಮುಗಿದೆ. ನೀವು ಪಕ್ಕದಲ್ಲೇ ಕೂತು ಚಹಾ ಕುಡಿಯುತ್ತಿದ್ದಿರಿ. ಒಂದು ಸಲ ಕರಕೊಂಡು ಹೋಗಿ ಅಂದರೆ, "ಮುಂದಿನ ಸಲ ಹೋಗೂನು ತಗಿ."

ನಿನ್ನೆ ಹತ್ತುವಾಗ ನಡುದಾರಿಯಲ್ಲಿ ನೀರಿನ ಟ್ಯಾಂಕರ್ ನಿಲ್ಲಿಸಿಕೊಂಡಿದ್ದವನು, ನಿಮ್ಮ ಜೊತೆ ಗಣಿಯಲ್ಲಿದ್ದ ಹುಸೇನಸಾಬ. ಸೀರೆಯ ಮೇಲೆ ಆಸ್ಪತ್ರೆಯವರು ಕೊಟ್ಟ ಟೀ ಶರ್ಟ್ ಹಾಕಿಕೊಂಡಿದ್ದೆ. "ಏನ್ರಿ ಅಕ್ಕಾರ, ಕ್ರಿಕೆಟ್ ಟೀಮಿಗೆ ಸೇರಿದ್ರೇನು?" ಅಂತ ನಕ್ಕ. ನಾನೂ ನಕ್ಕು, ಬನ್ನಿ ಗಿಡದ ಗುಡ್ಡ ಯಾವುದು ಅಂತ ಕೇಳಿದೆ. ಎದುರಿನ ಕೆಂಪು ಗುಂಡಿಗೆ ಕೈ ಮಾಡಿದ.

"ಗುಡ್ಡ ಎಲ್ಲೈತ್ರಿ? ಅದಿರಾಗಿ ಹಡಗು ಹತ್ತಿ ಚೀನಾಕ್ಕ ಹೋಗಿ ಭಾಳ ವರ್ಷ ಆತು. ಬನ್ನಿ ಗಿಡ ಕಡಿದ್ರ ಪಾಪ ಹತ್ತತೈತಿ ಅಂತ ಒಬ್ಬನೂ ಜೆಸಿಬಿ ಹತ್ತಲಿಲ್ಲ. ನಿಮ್ಮ ಯಜಮಾನ್ರ ಹತ್ತಿದ್ರು ನೋಡ್ರಿ. ಮಸ್ತ್ ಧೈರ್ಯದ ಮನುಷ್ಯಾ!"

ಅವನು ಕೊಟ್ಟ ನೀರು ಕುಡಿದು ತುದಿಯವರೆಗೂ ಹತ್ತಿದೆ. ಅಲ್ಲಿ ಎಲ್ಲರೂ ಕಣ್ಣು ಮುಚ್ಚಿ ಕೈ ಮುಗಿದರು. ನಾನು ಯಾವ ಕಡೆಗೆ ಮುಗಿಯಲಿ? ಅದಿರಿನ ರೈಲು ಹೋದ ಕಡೆಗೋ, ಹಡಗು ಹೋದ ಕಡೆಗೋ?

ಸಂಡೂರಿನಲ್ಲಿದ್ದಾಗ ಒಂದು ದೀಪಾವಳಿಗೆ ಓವರ್‌ಟೈಮ್ ಸಂಬಳದಲ್ಲಿ ಬೆಂಡೋಲೆ ತಂದು ನೀವೇ ನನ್ನ ಕಿವಿಗೆ ಇಟ್ಟಿರಿ. ಅದು ಆ ಗಿಡ ಕೆಡವಿದ ಸಂಬಳವೇ? ಇಳಿದು ಬಂದವಳೇ ಬಿಚ್ಚಿ, ಆ ಕೋಣೆಗೆ ಅಂತ ರೇಣುಕಾಳ ಕೈಗೆ ಹಾಕಿದೆ. ಕೊನೆಗಾಲದಲ್ಲಿ ನೀವು ಕೆಮ್ಮಿದಾಗೆಲ್ಲ ಎದೆ ನೀವುತ್ತಿದ್ದೆನಲ್ಲ. ಗಣಿ ಧೂಳು ಕೂತಿದೆ ಅಂದಿದ್ದರು ಡಾಕ್ಟರು. ಆ ಧೂಳಿನಲ್ಲಿ ಅವಳೂ ಇದ್ದಳೇನು?

ನನಗೆ ಒಂದೇ ಮಾತು ಬೇಕು. ಬೇರೆಯವರ ಕೈಗೆ ಸಿಗಬಾರದು ಅಂತ ನೀವೇ ಹತ್ತಿದಿರಾ? ಇಳಿದು, ಕೈಯಿಂದ ಮಣ್ಣು ಕೆದರಿ, ಅವಳನ್ನು ಎತ್ತಿ ಬೇರೆ ಕಡೆ... ಅಥವಾ ಬೀಡಿ ಹಚ್ಚಿಕೊಂಡು ಹಾಗೇ ಲಾರಿಗೆ ತುಂಬಿಸಿದಿರಾ?

ಮಹಾಲಯ ಅಮಾವಾಸ್ಯೆ ಹತ್ತಿರ ಬಂತು. ಈ ಸಲ ನಿಮಗೆ ಎಡೆ ಇಡುವುದಿಲ್ಲ. ಅವಳಾದ ಮೇಲೆ ನಮಗೆ ಮಕ್ಕಳಾಗಲಿಲ್ಲ. ನಾನು ಬಿಟ್ಟರೆ ಇಡುವವರು ಯಾರೂ ಇಲ್ಲ, ಗೊತ್ತಲ್ಲ. ಹಸಿದುಕೊಂಡೇ ಉತ್ತರ ಬರೆಯಿರಿ. ಅದನ್ನು ತರುವುದಕ್ಕೆ ನೀವು ನನ್ನ ಕನಸಿಗೆ ಬರಬೇಡಿ. ಅವಳು ಅಲ್ಲಿ ನಿಮ್ಮ ಹತ್ತಿರ ಇದ್ದರೆ, ಅವಳ ಕೈಗೆ ಕೊಟ್ಟು ಕಳಿಸಿ.